ಪದ್ಮಜ್ಜಿಗೆ ನಾನು ಮರೆವು ತರಿಸಿದ ಬಗೆ

ನನಗೆ ಡೈರಿ ಬರೆಯುವ ಅಭ್ಯಾಸವಿದೆ. ಮನಸ್ಸಿನ ತಳಮಳ ಬರೆಯುವ ಡೈರಿಯಲ್ಲ, ಅದಕ್ಕೆ ಬೇರೆ ಜನರಿದ್ದಾರೆ. ನನ್ನದು ತಾರೀಖು, ವಾರ ಮತ್ತು ಎಣಿಕೆಯ ಡೈರಿ. ಲಿಫ್ಟು ಎಷ್ಟು ಸಲ ಕೆಟ್ಟಿತು, ಹಾಲಿನವನು ಎಷ್ಟು ದಿನ ತಡ ಮಾಡಿದ, ಹೆಂಡತಿ ಮೇಘಾ ಎಷ್ಟು ತಾಸು ಮಾತು ಬಿಟ್ಟಳು, ಎಲ್ಲಕ್ಕೂ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುತ್ತೇನೆ. ಹೆಸರು ವೆಂಕಟೇಶ, ಊರು ಧಾರವಾಡ, ವಯಸ್ಸು ಇಪ್ಪತ್ತೆಂಟು. ಪುಣೆಯ ಹತ್ತಿರ ಚಾಕಣದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. ಗಾಡಿಗಳ ಹೆಡ್‌ಲೈಟಿನ ಗಾಜುಗಳು ನನ್ನ ಮುಂದೆ ಸಾಲಾಗಿ ಹಾದು ಹೋಗುತ್ತವೆ. ಬೇರೆಯವರ ಕಣ್ಣಿಗೆ ಕಾಣದ ಗೀರನ್ನು ಕಂಡುಹಿಡಿಯುವುದು ನನ್ನ ಉದ್ಯೋಗ. ಈ ಸಂಗತಿಯನ್ನು ಓದುಗರು ಮುಂದೆ ನನ್ನ ವಿರುದ್ಧ ಬಳಸಬಾರದಾಗಿ ವಿನಂತಿ.

ಪುಣೆಯ ವಾಕಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಇಪ್ಪತ್ತೆರಡು ಕನ್ನಡದ ಮನೆಗಳಿವೆ. ಹಿರಿಯರು ಸಂಜೆ ಕೆಳಗಿನ ಬೆಂಚಿನ ಮೇಲೆ ಕೂತು ಕಿರಿಯರ ಬಗ್ಗೆ ಮಾತಾಡುತ್ತಿದ್ದರು. ಕಿರಿಯರು ಅದೇ ಬೆಂಚಿನ ಮುಂದೆ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಹಾದು ಹೋಗುತ್ತಿದ್ದರು. ಹೀಗೆ ಎರಡೂ ಪಕ್ಷಗಳು ಬಹಳ ವರ್ಷ ಸುಖವಾಗಿಯೇ ಇದ್ದವು. ಇದನ್ನು ಕೆಡಿಸಿದವರು ರೈಲ್ವೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ರಾಜೂರ ಕಾಕಾ. ಜೂನ್ ಎಂಟರ ಭಾನುವಾರ ಎಲ್ಲರನ್ನೂ ಕ್ಲಬ್‌ಹೌಸಿಗೆ ಕರೆಸಿ "ಜೋಡಿ ಬಳಗ"ವನ್ನು ಘೋಷಿಸಿದರು.

"ಒಬ್ಬ ಹಿರ್ಯಾರಿಗೆ ಒಬ್ಬ ಕಿರ್ಯಾವ," ಅಂದರು. "ವಾರಕ್ಕೊಮ್ಮೆ ಕೂಡಬೇಕು. ಅವ ಒಂದು ಕಲಿಸಬೇಕು, ಇವರು ಒಂದು ಕಲಿಸಬೇಕು. ಜಗಳಾ ಆದ್ರ ಆಗಲಿ, ಮಾತಂತೂ ಆಗ್ತದ. ಇದನ್ನೆಲ್ಲಾ ಬರಕೊಳ್ಳಿಕ್ಕೆ ಒಬ್ಬ ಸೆಕ್ರೆಟರಿ ಬೇಕು. ಯಾರ ಕಡೆ ಪೆನ್ ಅದ?"

ಇಡೀ ಸಭೆಯಲ್ಲಿ ಪೆನ್ನು ಇದ್ದದ್ದು ನನ್ನ ಕಿಸೆಯಲ್ಲಿ ಮಾತ್ರ. ನಾಲ್ಕು ಬಣ್ಣದ್ದು.

ಹತ್ತು ಹಿರಿಯರು, ಹತ್ತು ಕಿರಿಯರು. ಕಿರಿಯರ ಹೆಸರು ಬರೆದ ಚೀಟಿಗಳನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಕುಲುಕಿದೆ. ಹಿರಿಯರು ಒಂದೊಂದು ಎತ್ತಿ ಗಟ್ಟಿಯಾಗಿ ಓದಬೇಕು. ನಾಲ್ಕನೆಯ ಚೀಟಿ ಎತ್ತಿದವರು ಐದನೇ ಮಹಡಿಯ ಪದ್ಮಜ್ಜಿ. ಎಪ್ಪತ್ತೆಂಟು ವರ್ಷ, ತೆಳ್ಳಗೆ, ನೆಟ್ಟಗೆ, ಕಣ್ಣಿಗೆ ದಪ್ಪ ಕನ್ನಡಕ. ಚೀಟಿ ಬಿಚ್ಚಿದರು. ನೋಡಿದರು. ಮುಗುಳ್ನಕ್ಕರು. ಮತ್ತೆ ಮಡಚಿ ರಾಜೂರ ಕಾಕಾರ ಕೈಗೆ ಕೊಟ್ಟರು.

"ಯಾರ ಹೆಸರು ಬಂತ್ರಿ ಪದ್ಮಕ್ಕ?"

"ನೀವ ಓದ್ರಿ. ಇವಂದ," ಎಂದು ನನ್ನ ಕಡೆ ಬೆರಳು ತೋರಿಸಿದರು.

ಆ ದಿನದ ಡೈರಿಯಲ್ಲಿ ಹೀಗಿದೆ: "ಪದ್ಮಜ್ಜಿ ನನ್ನ ಜೋಡಿ. ದೃಷ್ಟಿ ಮಂದ ಇರಬಹುದು. ಗಮನಿಸುವುದು."

ಗಮನಿಸಿದೆ. ದುರದೃಷ್ಟವಶಾತ್ ನಾನು ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವನಲ್ಲ.

ನಮ್ಮ ಒಪ್ಪಂದದ ಪ್ರಕಾರ ಅಜ್ಜಿ ನನಗೆ ಪಗಡೆ ಕಲಿಸಬೇಕು, ನಾನು ಅಜ್ಜಿಗೆ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುವುದನ್ನು ಕಲಿಸಬೇಕು. ಅಜ್ಜಿ ಹತ್ತೇ ನಿಮಿಷದಲ್ಲಿ ಕಲಿತರು. ನಾನು ಇನ್ನೂ ಪಗಡೆ ಕಲಿಯುತ್ತಿದ್ದೇನೆ. ಆಟವಾಡುತ್ತ ಅಜ್ಜಿ ತಮ್ಮ ಗುರುವಾರಗಳ ಬಗ್ಗೆ ಹೇಳುತ್ತಿದ್ದರು. ಗಂಡ ಬದುಕಿದ್ದಾಗ ಅವರು ಮೂವತ್ತು ವರ್ಷ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿದ್ದರು. ಆಗಿನ ನೆರೆಯವರಾದ ಶೋಭಾತಾಯಿ ಇನ್ನೂ ಅಲ್ಲೇ ಇದ್ದಾರೆ. ಪ್ರತಿ ಗುರುವಾರ ಪದ್ಮಜ್ಜಿ ಒಬ್ಬರೇ ಎರಡು ಬಸ್ಸು ಬದಲಿಸಿ ಕ್ಯಾಂಪಿಗೆ ಹೋಗುತ್ತಾರೆ. ಇಬ್ಬರೂ ಸೇರಿ ಮಾರ್ಕೆಟ್ಟು ಸುತ್ತಿ, ಒಂದು ಹಳೇ ಹೋಟೆಲಿನಲ್ಲಿ ಬೆಣ್ಣೆ ಹಚ್ಚಿದ ಬನ್ನು ಮತ್ತು ಚಹಾ ಮುಗಿಸಿ, ಸಂಜೆ ಆರಕ್ಕೆ ಮನೆ.

"ಗುರುವಾರ ನಾ ಯಾರ ಅವ್ವನೂ ಅಲ್ಲ, ಯಾರ ಅಜ್ಜಿನೂ ಅಲ್ಲ ನೋಡು," ಅನ್ನುತ್ತಿದ್ದರು. "ಶೋಭಾ ನನ್ನ ಪದ್ಮೀ ಅಂತಾಳ. ಈ ಜಗತ್ತಿನಾಗ ನನ್ನ ಪದ್ಮೀ ಅನ್ನಾಕಿ ಆಕೀ ಒಬ್ಬಾಕಿನ ಉಳದಾಳ."

ನಾನು ಅದನ್ನು ಕೇಳಿ ತಲೆಯಾಡಿಸಿದೆ. ಆದರೆ ಕಣ್ಣು ಬೇರೆ ಕಡೆ ಇತ್ತು. ಅಜ್ಜಿ ನನ್ನನ್ನು "ಏ ಇವನಾ" ಎಂದು ಕರೆಯುತ್ತಿದ್ದರು. ಇಲ್ಲವೇ "ಮೂರನೇ ಮಾಳಿಗೀಯವನಾ". ಒಮ್ಮೆ "ಏ ಧಾರವಾಡ". ಬಳಗದ ಉಳಿದ ಒಂಬತ್ತು ಹುಡುಗ ಹುಡುಗಿಯರ ಹೆಸರು ಮಾತ್ರ ಸ್ಪಷ್ಟವಾಗಿ ಕರೆಯುತ್ತಿದ್ದರು. ತಮ್ಮದೇ ಜೋಡಿಯ ಹೆಸರೊಂದು ನೆನಪಿಲ್ಲ. ಹೊಸ ಪುಟ ತೆರೆದೆ. ಮೇಲೆ "ಹೆಸರು ಮರೆತ ಸಂದರ್ಭಗಳು" ಎಂದು ಬರೆದು ಕೆಂಪು ಶಾಯಿಯಲ್ಲಿ ಗೀಟು ಹಾಕತೊಡಗಿದೆ. ಜೂನ್ ಹದಿನೈದರ ಹೊತ್ತಿಗೆ ಒಂಬತ್ತು. ಇಪ್ಪತ್ತೆರಡರ ಹೊತ್ತಿಗೆ ಹತ್ತೊಂಬತ್ತು. ಏರುಗತಿ!

ಒಂದು ಗೀರು ಕಂಡ ಪರೀಕ್ಷಕನಿಗೆ ಎರಡನೆಯದು ತಾನಾಗಿ ಕಾಣುತ್ತದೆ. ರಿಜಿಸ್ಟರಿನಲ್ಲಿ ಅಜ್ಜಿಯ ಹೆಸರು ಪದ್ಮಾವತಿ. ಒಂದು ಸಂಜೆ ಬೆಂಚಿನ ಮೇಲೆ ಯಾರಿಗೋ "ನನ್ನ ಹೆಸರು ಸೋನಕ್ಕ" ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ತಮ್ಮ ಹೆಸರೇ ತಮಗೆ ಖಚಿತವಿಲ್ಲ! ಇದಕ್ಕೆ ನೀಲಿ ಶಾಯಿ. ಇನ್ನು ಮೇಘಾ ಸಂಜೆ ಆರೂವರೆಗೆ ಬಾಲ್ಕನಿಯಿಂದ, "ವೆಂಕಟೇಶ್, ಚಹಾ ಆರಲಿಕ್ಕತ್ತದ, ಮ್ಯಾಲ ಬಾ," ಎಂದು ಇಡೀ ಸೊಸೈಟಿಗೆ ಕೇಳುವಂತೆ ಕೂಗುತ್ತಾಳೆ. ಆಗ ಬೆಂಚಿನ ಮೇಲಿದ್ದ ಪದ್ಮಜ್ಜಿ ತಟ್ಟನೆ ಸೆರಗು ತಲೆಯ ಮೇಲೆಳೆದುಕೊಂಡು ತಲೆ ತಗ್ಗಿಸುತ್ತಿದ್ದರು. "ಸದ್ದಿಗೆ ಬೆಚ್ಚುವಿಕೆ: ಆರು ಸಲ." ಹಸಿರು ಶಾಯಿ.

ಮೇಘಾ ಬೆಳಗಾವಿಯವಳು. ಬ್ಯಾಂಕಿನಲ್ಲಿ ಕೆಲಸ. ಮದುವೆಯಾಗಿ ಎಂಟು ತಿಂಗಳಾದರೂ ನನ್ನ ಡೈರಿಗೆ ಅವಳಿನ್ನೂ ಹೊಂದಿಕೊಂಡಿಲ್ಲ.

"ಏನದು, ಹೋಳಿ ಆಡೀಯೇನು ಪುಟದ ಮ್ಯಾಲೆ?"

"ಪದ್ಮಜ್ಜೀದು. ಮರವು ಶುರು ಆಗೇದ ಅನಸ್ತದ. ಯಾರಿಗೂ ಹೇಳಬ್ಯಾಡ."

"ಆಕೀಗೆ? ಹೋದವಾರ ನನ್ನ ಕಡೆ ಒಯ್ದ ಜೀರಗಿ ಎಷ್ಟು ಚಮಚ ಅಂತ ನೆನಪಿಟ್ಟು ವಾಪಸ್ ತಂದಾಳ. ಆಕೀನ್ನ ಕೇಳಿಯೇನು?"

ಪರೀಕ್ಷೆಗೆ ಬಂದ ವಸ್ತುವಿನ ಅಭಿಪ್ರಾಯ ಕೇಳುವ ಪದ್ಧತಿ ನಮ್ಮ ಕಾರ್ಖಾನೆಯಲ್ಲಿ ಇಲ್ಲ. ಹಾಗೆಂದು ತಿಳಿಸಿದೆ. ಮೇಘಾ ಆ ದಿನ ಎರಡೂವರೆ ತಾಸು ಮಾತು ಬಿಟ್ಟಳು.

ಆದರೂ ನ್ಯಾಯ ನ್ಯಾಯವೇ. ಖಚಿತ ಪುರಾವೆಯಿಲ್ಲದೆ ತೀರ್ಮಾನಕ್ಕೆ ಬರಬಾರದು. ಜೂನ್ ಇಪ್ಪತ್ತೊಂಬತ್ತರ ಭಾನುವಾರ ಬಳಗದಲ್ಲಿ "ನೆನಪಿನ ಆಟ" ಎಂಬ ನೆಪದಲ್ಲಿ ಇಪ್ಪತ್ತೈದು ಪ್ರಶ್ನೆಗಳ ಪರೀಕ್ಷೆ ಇಟ್ಟೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಉತ್ತರ ಹೇಳಿದರು. ಪದ್ಮಜ್ಜಿ ಇಪ್ಪತ್ಮೂರು ಪ್ರಶ್ನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯುತ್ತರ ಕೊಟ್ಟರು. ನಾನು ಓದಿ ಹೇಳಿದ ಹದಿನೈದು ಸಾಮಾನುಗಳ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೂ ಒಪ್ಪಿಸಿ, "ಬೆಲ್ಲ ಬರದೀಯಲಾ, ಯಾವ ಬೆಲ್ಲ, ಕಪ್ಪೋ ಬಿಳೀನೋ?" ಎಂದು ನನ್ನನ್ನೇ ಕೇಳಿದರು. ಎಡವಿದ್ದು ಎರಡರಲ್ಲಿ.

"ತಿರುಪತಿ ದೇವರ ಹೆಸರೇನ್ರಿ ಅಜ್ಜಿ?"

"ಏಳು ಬೆಟ್ಟದ ಒಡೆಯ."

"ಹೆಸರು ಹೇಳ್ರಿ."

"ಹೇಳಿದ್ನೆಲ್ಲೋ. ಆ ಬೆಟ್ಟದ ಮ್ಯಾಲೆ ಮತ್ತ್ಯಾರರ ಇದ್ದಾರೇನು?"

ಅರ್ಧ ಅಂಕ.

"ಬಳಗದಾಗ ನಿಮ್ಮ ಜೋಡಿಯವನ ಹೆಸರೇನು?"

ಅಜ್ಜಿ ನನ್ನ ಎದೆಗೆ ಬೆರಳು ಚುಚ್ಚಿದರು. ಸೊನ್ನೆ.

ಒಟ್ಟು ಇಪ್ಪತ್ಮೂರೂವರೆ. ರಾಜೂರ ಕಾಕಾರಿಗೆ ಹದಿನಾಲ್ಕು ಬಂದಿತ್ತು. ಮನೆಗೆ ಬಂದ ಮೇಲೆ ಮೇಘಾ ಅದೇ ಪ್ರಶ್ನೆಗಳನ್ನು ನನಗೆ ಕೇಳಿದಳು: ಹದಿನೈದು. ಮದುವೆಯ ತಾರೀಖಿನ ಪ್ರಶ್ನೆಗೆ ನಾನು ಎರಡು ಉತ್ತರ ಕೊಟ್ಟಿದ್ದೆ. ಎರಡೂ ತಪ್ಪಾಗಿದ್ದವು. ಸಾಮಾನ್ಯ ಮನುಷ್ಯನಾದರೆ ಇಲ್ಲಿಗೆ ಪುಟ ಮುಚ್ಚುತ್ತಿದ್ದ. ನಾನು ಮಾತ್ರ, "ಉಳಿದೆಲ್ಲ ನೆನಪು ಗಟ್ಟಿ, ಹೆಸರುಗಳು ಮಾತ್ರ ಅಳಿಸಿಹೋಗುತ್ತಿವೆ. ಇದು ಹೆಚ್ಚು ಗಂಭೀರ," ಎಂದು ಬರೆದು ಎರಡು ಸಲ ಅಡಿಗೆರೆ ಎಳೆದೆ.

ಮರುದಿನ ಕರ್ತವ್ಯಪ್ರಜ್ಞೆ ನನ್ನನ್ನು ಐದನೇ ಮಹಡಿಗೆ ಏರಿಸಿತು. ಅಜ್ಜಿಯ ಮಗ ಪ್ರಕಾಶ ಅಣ್ಣನವರು ಲೆಕ್ಕಪರಿಶೋಧಕರು. ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬುವವರಲ್ಲ. ಕಾಗದದ ಮೇಲಿದ್ದದ್ದನ್ನು ನಂಬದೆ ಬಿಡುವವರಲ್ಲ. ನಾನು ಮೂರು ಬಣ್ಣದ ನಕ್ಷೆಯನ್ನು ಅವರ ಮುಂದಿಟ್ಟೆ. ಕೆಂಪು ಗೆರೆ ಏಣಿಯಂತೆ ಮೇಲಕ್ಕೇರುತ್ತಿತ್ತು. ಯಾರ ಹೆಸರನ್ನು ಮರೆತದ್ದು ಎಂದು ಅದರಲ್ಲಿ ಬರೆದಿರಲಿಲ್ಲ. ವರದಿಯಲ್ಲಿ ವರದಿಗಾರ ತನ್ನ ಹೆಸರನ್ನು ಮುಂದೆ ಮಾಡಬಾರದೆಂಬ ಸೌಜನ್ಯ ನನ್ನದು. ಪ್ರಕಾಶ ಅಣ್ಣನವರಿಗೆ ನನ್ನ ಹೆಸರು ಗೊತ್ತೂ ಇರಲಿಲ್ಲ. ಅವರ ಪಾಲಿಗೆ ನಾನು ಸೆಕ್ರೆಟರಿ.

ಅವರು ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು. "ಇಷ್ಟು ಆಗೇದೇನ್ರಿ? ನಾ ಮನ್ಯಾಗ ಇದ್ದೂ ನೋಡಲಿಲ್ಲಲ್ರಿ."

"ಮನಿಯವರ ಕಣ್ಣಿಗೆ ಕಾಣೂದಿಲ್ರಿ. ತರಬೇತಿ ಬೇಕಾಗ್ತದ," ಎಂದೆ. ಈ ವಾಕ್ಯವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಪ್ರಕಾಶ ಅಣ್ಣ ಪ್ರೀತಿಯ ಮಗ. ಪ್ರೀತಿಗೆ ನಕ್ಷೆ ಸಿಕ್ಕಿದರೆ ಏನಾಗುತ್ತದೆಂದು ಅಂದು ತಿಳಿಯಿತು. ಅದೇ ದಿನ ಅಜ್ಜಿಯ ಬಸ್ ಪಾಸು ಕಪಾಟಿನೊಳಗೆ ಹೋಯಿತು. ಅವರ ಚೀಲಕ್ಕೆ ವಿಳಾಸ ಬರೆದ ಚೀಟಿ ಹೊಲಿಯಲಾಯಿತು. ಗುರುವಾರದ ಕ್ಯಾಂಪ್ ಬಂದ್. ಲಿಫ್ಟಿನಲ್ಲಿ ಒಬ್ಬರೇ ಇಳಿಯುವುದೂ ಬಂದ್. ಎರಡು ವಾರದ ನಂತರದ ಸೋಮವಾರಕ್ಕೆ ದೊಡ್ಡ ಡಾಕ್ಟರ ಭೇಟಿ ಗೊತ್ತಾಯಿತು. ಅವರು ಏನಾದರೂ ಹೇಳುವವರೆಗೆ ಅಜ್ಜಿ ಹೊಸಲು ದಾಟುವಂತಿಲ್ಲ.

ಜುಲೈ ಮೂರು, ಗುರುವಾರ. ಕಾರ್ಖಾನೆಗೆ ರಜೆ ಹಾಕಿದ್ದೆ. ಬೆಳಿಗ್ಗೆ ಹತ್ತಕ್ಕೆ ಕೆಳಗೆ ನಿಂತು ಮೇಲೆ ನೋಡಿದೆ. ಪದ್ಮಜ್ಜಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಕೈಯಲ್ಲಿ ಚೀಲ ಹಿಡಿದು, ಕಿಟಕಿಯಲ್ಲಿ ನಿಂತಿದ್ದರು. ಹನ್ನೊಂದಕ್ಕೂ ನಿಂತಿದ್ದರು. ಆ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ. ಎಣಿಸಲು ಮನಸ್ಸಾಗಲಿಲ್ಲ.

ಜುಲೈ ಆರರ ಭಾನುವಾರ ಬಳಗಕ್ಕೆ ಬಂದ ಹಿರಿಯರು ಇಬ್ಬರು. ಒಬ್ಬರು ರಾಜೂರ ಕಾಕಾ. ಇನ್ನೊಬ್ಬರು ಹಿಂದಿನ ವಾರ ಮರೆತು ಹೋದ ಕನ್ನಡಕ ಒಯ್ಯಲು ಬಂದವರು. ಉಳಿದವರು ಪದ್ಮಕ್ಕನನ್ನು ಮನೆಯಲ್ಲಿ ಕೂಡಿಹಾಕಿಸಿದ ಬಳಗ ತಮಗೆ ಬೇಡ ಎಂದು ಕೂತಿದ್ದರು.

"ನಾಳೆ ನಮ್ಮದೂ ನಕ್ಷಾ ತಗೀತಾನ ಅಂತಾರ ಎಲ್ಲಾರೂ," ಅಂದರು ಕಾಕಾ. "ಪ್ರಕಾಶಗ ಏನು ಹೇಳಿದ್ಯೋ ನೀ?"

"ಕಾಳಜೀಲೆ ಹೇಳೀನ್ರಿ ಕಾಕಾ."

"ಕಾಳಜಿ ಇದ್ರ ಹೋಗಿ ಚಹಾ ಕುಡದು ಬರಬೇಕು. ಕಾಗದದ ಮ್ಯಾಲೆ ಯಾಕ ಹಾಕಿದಿ? ಈಗ ಹದಿನಾಲ್ಕನೇ ತಾರೀಖು ಸೋಮವಾರ ಡಾಕ್ಟರ ಮುಂದ ಆಕೀ ಒಂದು ಹೆಸರು ತಪ್ಪಿದ್ಲು ಅಂದ್ರ, ಪ್ರಕಾಶ ಜನ್ಮದಾಗ ಆಕೀನ್ನ ಬಸ್ ಹತ್ತಸೂದಿಲ್ಲ."

ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಾರ್ಖಾನೆಯಲ್ಲಿ ದೋಷ ಸಿಕ್ಕರೆ ಅದರ ಹಿಂದೆಯೇ "ಸುಧಾರಣಾ ಕ್ರಮ" ಎಂಬ ಕಲಂ ಬರುತ್ತದೆ. ನಾನು ಯೋಚಿಸಿದೆ: ಸೋಮವಾರದೊಳಗೆ ಅಜ್ಜಿಗೆ ಒಂದು ಹೆಸರನ್ನು ಬಾಯಿಪಾಠ ಮಾಡಿಸಿದರೆ ಸಾಕು, ಕೆಂಪು ಗೆರೆ ಕೆಳಗಿಳಿಯುತ್ತದೆ, ಪ್ರಕಾಶ ಅಣ್ಣ ಸಮಾಧಾನ ಹೊಂದುತ್ತಾರೆ, ಗುರುವಾರ ಮರಳಿ ಬರುತ್ತದೆ. ಹೆಸರು ಯಾವುದು? ನನ್ನದೇ.

ಜುಲೈ ಹದಿಮೂರು, ಭಾನುವಾರ, ಸಂಜೆ ನಾಲ್ಕು. ಅರ್ಧ ಕಿಲೋ ಬದಾಮಿ ಕೊಂಡೆ. ಹಾಳೆಯೊಂದರ ಮೇಲೆ ದೊಡ್ಡ ಅಕ್ಷರದಲ್ಲಿ "ವೆಂಕಟೇಶ" ಎಂದು ಬರೆದು ಅಂಗಿಯ ಎದೆಗೆ ಪಿನ್ನು ಮಾಡಿಕೊಂಡೆ. ಅದೇ ಹೆಸರು ಬರೆದ ಇನ್ನೂ ಆರು ಹಾಳೆಗಳು ಕೈಯಲ್ಲಿ. ಒಂದು ಅಡುಗೆಮನೆಗೆ, ಒಂದು ದೇವರ ಮನೆಯ ಪಕ್ಕಕ್ಕೆ, ಒಂದು ಫ್ರಿಜ್ಜಿಗೆ, ಹೀಗೆ. ಸಾಕ್ಷಿಗೆಂದು ರಾಜೂರ ಕಾಕಾರನ್ನೂ ಮೇಘಾಳನ್ನೂ ಜೊತೆಗೆ ಕರೆದೆ. ಲಿಫ್ಟಿನಲ್ಲಿ ಒಬ್ಬ ಹೆಂಗಸು ನನ್ನ ಎದೆಯ ಹಾಳೆ ನೋಡಿ, ಮರಾಠಿಯಲ್ಲಿ, ಯಾವ ಪಕ್ಷದಿಂದ ನಿಂತಿದ್ದೀರಿ ಎಂದು ಕೇಳಿದರು.

ಐದನೇ ಮಹಡಿಯಲ್ಲಿ ಮೇಘಾ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ನಾವು ಒಳಗೆ ಹೋದ ಮೇಲೆ ಬಂದಳು. ಚಪ್ಪಲಿ ಬಿಡುತ್ತಿದ್ದಾಳೆ ಅಂದುಕೊಂಡೆ.

ಪದ್ಮಜ್ಜಿ ಸೋಫಾದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಸಿಟ್ಟಾಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಎದೆಯ ಮೇಲಿನ ಹಾಳೆಯನ್ನು ನೋಡಿದ್ದೇ ಮುಖ ಕೆಂಪಾಗಿ, ಪಕ್ಕಕ್ಕೆ ತಿರುಗಿದರು.

"ಅಜ್ಜಿ, ಹೆದರಬ್ಯಾಡ್ರಿ. ಒಂದೊಂದ ಅಕ್ಷರ. ನನ್ನ ಹಿಂದ ಹೇಳ್ರಿ. ವೆಂ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಕ."

ಇನ್ನಷ್ಟು ಒತ್ತಿಕೊಂಡರು. ಭುಜ ಅಲುಗತೊಡಗಿತು.

"ಒಂದು ಬದಾಮಿ ತಿಂದು ಪ್ರಯತ್ನ ಮಾಡ್ರಿ. ಟೇ."

"ಅಳಲಿಕ್ಕತ್ತಾಳ್ರಿ ನಮ್ಮವ್ವ," ಎಂದು ಪ್ರಕಾಶ ಅಣ್ಣ ಕಣ್ಣೊರೆಸಿಕೊಂಡರು. "ಬಿಡ್ರಿ ಸೆಕ್ರೆಟರಿ. ಓದಲಿಕ್ಕೂ ಆಗವಲ್ದು ಆಕೀಗೆ."

"ಅಳಲಿಕ್ಕತ್ತಿಲ್ರಿ, ನಗಲಿಕ್ಕತ್ತಾರ," ಅಂದಳು ಮೇಘಾ. ಅವಳ ದನಿ ಶಾಂತವಾಗಿತ್ತು. ಆ ದನಿಗೆ ನಾನು ಎಂಟು ತಿಂಗಳಲ್ಲಿ ಹೆದರುವುದನ್ನು ಕಲಿತಿದ್ದೇನೆ. "ಪ್ರಕಾಶಣ್ಣಾರ, ಒಂದು ಮಾತು ಕೇಳ್ತೀನಿ. ನಿಮ್ಮ ತಂದೆಯವರ ಹೆಸರೇನ್ರಿ?"

"ನಮ್ಮ ಅಪ್ಪಾರದೇನು? ವೆಂಕಟೇ..."

ಪ್ರಕಾಶ ಅಣ್ಣ ಅಲ್ಲೇ ನಿಂತರು. ನನ್ನ ಎದೆಯ ಹಾಳೆಯನ್ನು ಓದಿದರು. ಅವ್ವನ ಮುಖ ನೋಡಿದರು. ಮತ್ತೊಮ್ಮೆ ಹಾಳೆಯನ್ನು ಓದಿದರು.

"ಹೊರಗ ಬಾಗಿಲ ಮ್ಯಾಲೆ ಹಿತ್ತಾಳಿ ಅಕ್ಷರದಾಗ ಬರದದ," ಅಂದಳು ಮೇಘಾ, ಈಗ ನನ್ನ ಕಡೆ ತಿರುಗಿ. "ಪ್ರಕಾಶ ವೆಂಕಟೇಶ ಮುಧೋಳ. ನೀ ಈ ಬಾಗಿಲಿಗೆ ಎಷ್ಟು ಸಲ ಬಂದೀ?"

ಹನ್ನೊಂದು ಸಲ. ಡೈರಿಯಲ್ಲಿದೆ. ಕಾಣದ ಗೀರು ಕಂಡುಹಿಡಿಯುವ ನನಗೆ ಅಂಗೈಯಷ್ಟು ದೊಡ್ಡ ಹಿತ್ತಾಳೆಯ ಅಕ್ಷರ ಹನ್ನೊಂದು ಸಲವೂ ಕಂಡಿರಲಿಲ್ಲ.

ಗಂಡನ ಹೆಸರನ್ನು ಬಾಯಿಂದ ತೆಗೆಯದ ಹೆಂಗಸರು ನನಗೇನು ಹೊಸಬರಲ್ಲ. ನನ್ನ ಸ್ವಂತ ಅಜ್ಜಿ ಧಾರವಾಡದಲ್ಲಿ ರೇಷನ್ ಅಂಗಡಿಯವನ ಮುಂದೆ ಅಜ್ಜನ ಹೆಸರು ಹೇಳಲಾರದೆ, ಹೇಳಲು ನನ್ನನ್ನು ಕೈಹಿಡಿದು ಕರೆದೊಯ್ಯುತ್ತಿದ್ದರು. ಆಗ ಆ ಕೆಲಸ ಮಾಡಿದವನು ನಾನು. ಅದೇ ನಾನು ಪುಣೆಯಲ್ಲಿ ನಾಲ್ಕು ಬಣ್ಣದ ಪೆನ್ನು ಹಿಡಿದು ಅದನ್ನೇ ಕಾಯಿಲೆಯೆಂದು ನಕ್ಷೆ ಬರೆದಿದ್ದೆ.

ಅಜ್ಜಿಗೆ ಈಗ ನಗು ತಡೆಯಲಾಗಲಿಲ್ಲ. ನೀರು ಕುಡಿದು ಸುಧಾರಿಸಿಕೊಂಡರು.

"ನೀವರ ಹೇಳಬಾರದೇನ್ರಿ ಅಜ್ಜಿ, ಮೊದಲ?" ಎಂದೆ. ದನಿ ನನಗೇ ಕೇಳಿಸಲಿಲ್ಲ.

"ಏನಂತ ಹೇಳೋದೋ ಹುಚ್ಚಪ್ಪಾ? ನಿನ್ನ ಹೆಸರೂ ಅವರ ಹೆಸರೂ ಒಂದ ಅದ ಅಂತ ಹೇಳಬೇಕಂದ್ರ, ಹೆಸರು ಹೇಳಬೇಕಲ್ಲ."

ಕೆಂಪು ಗೆರೆ ಅಲ್ಲಿಗೆ ಮುಗಿಯಿತು. ನೀಲಿಯತ್ತ ಹೊರಳಿದೆ.

"ಮತ್ತ ಸೋನಕ್ಕ?"

"ಅದು ತವರುಮನಿ ಹೆಸರು. ಮದುವ್ಯಾಗ ನನ್ನ ಹೆಸರು ಬದಲಿಸಿದ್ರು. ಏಳು ಬೆಟ್ಟದ ಒಡೆಯನ ಹೇಣ್ತಿ ಪದ್ಮಾವತಿ ಅಲ್ಲೇನು? ಅದಕ್ಕ ನಾನೂ ಪದ್ಮಾವತಿ."

ಪ್ರಕಾಶ ಅಣ್ಣ ಮಾತ್ರ ಇನ್ನೂ ನಕ್ಕಿರಲಿಲ್ಲ. ಅವರ ವೃತ್ತಿಯಲ್ಲಿ ಒಂದು ತಪ್ಪು ಲೆಕ್ಕ ಸಿಕ್ಕ ಮಾತ್ರಕ್ಕೆ ಉಳಿದದ್ದು ಸರಿಯೆಂದು ಅರ್ಥವಲ್ಲ. "ಆದ್ರೂ ನಾಳೆ ಡಾಕ್ಟರಗ ಒಮ್ಮೆ ತೋರಿಸಿಬಿಡೋಣ ಅವ್ವಾ. ವಯಸ್ಸಾಗೇದ. ಒಬ್ಬಾಕಿನ ಎರಡೆರಡು ಬಸ್ಸು..."

ಅಜ್ಜಿಯ ನಗು ನಿಂತಿತು. ಕೋಣೆಯಲ್ಲಿ ಎಲ್ಲರಿಗೂ ಅದು ಕಂಡಿತು, ನನಗೂ ಸಹ.

ಆಗ ರಾಜೂರ ಕಾಕಾ ಗಂಟಲು ಸರಿಮಾಡಿಕೊಂಡರು. "ಪದ್ಮಕ್ಕ, ಒಡಪು ಹಾಕಿ ಹೇಳ್ರಿ. ಹಳೇದು ಬ್ಯಾಡ. ಈಗಿಂದೀಗ ಕಟ್ಟಿ ಹೇಳ್ರಿ. ಪ್ರಕಾಶಗೂ ತಿಳೀಲಿ, ಈ ಸೆಕ್ರೆಟರಿಗೂ ತಿಳೀಲಿ."

ನಮ್ಮ ಕಡೆ ಗಂಡನ ಹೆಸರು ಹೇಳಲು ಹೆಂಗಸರಿಗೆ ಇರುವ ದಾರಿ ಅದೊಂದೇ. ಮದುವೆ, ಸೀಮಂತಗಳಲ್ಲಿ ಎರಡು ಸಾಲಿನ ಪದ್ಯ ಕಟ್ಟಿ ಹೆಸರನ್ನು ಅದರೊಳಗೆ ಕೂಡಿಸಿ ಹೇಳುತ್ತಾರೆ.

"ಬಿಡ್ರಿ, ಈ ವಯಸ್ಸಿನಾಗ ಎಲ್ಲೀ ಒಡಪು," ಎಂದರು ಅಜ್ಜಿ. ಆದರೆ ಕಣ್ಣು ಆಗಲೇ ಬದಾಮಿ ಪೊಟ್ಟಣದ ಮೇಲೆ ಓಡಾಡುತ್ತಿತ್ತು. ಸೆರಗು ಸರಿಮಾಡಿಕೊಂಡರು. ನಾನು ಗಡಿಯಾರ ನೋಡಿದೆ, ಅಭ್ಯಾಸ. ಹದಿನೆಂಟು ಸೆಕೆಂಡು.

"ಬದಾಮಿ ಹಿಡಕೊಂಡು ಬಾಗಿಲಿಗೆ ಬಂದಾನ ಬಳಗದ ಸೆಕ್ರೆಟರಿ,
ವೆಂಕಟೇಶರಾಯರ ಹೇಣ್ತಿಗೆ ನೆನಪಿನ ಪರೀಕ್ಷಾ ಯಾಕ್ರಿ?"

ರಾಜೂರ ಕಾಕಾ ತೊಡೆ ತಟ್ಟಿಕೊಂಡರು. ಮೇಘಾ ಹೋಗಿ ಅಜ್ಜಿಯನ್ನು ಅಪ್ಪಿಕೊಂಡಳು. ಪ್ರಕಾಶ ಅಣ್ಣ ಎದ್ದು ಒಳಗೆ ಹೋಗಿ ಫೋನಿನಲ್ಲಿ ಡಾಕ್ಟರ ಭೇಟಿಯನ್ನು ರದ್ದು ಮಾಡಿದ್ದು ಹೊರಗೇ ಕೇಳಿಸಿತು.

"ತಪ್ಪಾತ್ರಿ ಅಜ್ಜಿ," ಎಂದಳು ಮೇಘಾ. "ನಾ ದಿನಾ ಬಾಲ್ಕನಿಯಿಂದ ಆ ಹೆಸರು ಹಿಡದು ಒದರ್ತಿದ್ದೆ. ನಿಮಗ ಎಷ್ಟು ಮುಜುಗರ ಆಗಿರಬೇಕು. ಇನ್ನ ಮ್ಯಾಲೆ ಫೋನ್ ಮಾಡಿ ಕರೀತೀನಿ."

"ಏ ಬ್ಯಾಡ," ಎಂದರು ಅಜ್ಜಿ ಬೇಗನೆ. ಆಮೇಲೆ ಮೇಘಾಳ ಕೈ ಹಿಡಿದು, "ಅವರು ಹೋಗಿ ಹನ್ನೊಂದು ವರ್ಷ ಆತು. ಅವರ ಹೆಸರು ಹಿಡದು ಹಂಗ ಜೋರಾಗಿ ಚಹಾಕ್ಕ ಕರಿಯೋರು ಯಾರೂ ಉಳದಿಲ್ಲ. ಆರೂವರಿಗೆ ನಾ ಆ ಬೆಂಚಿನ ಮ್ಯಾಲೆ ಯಾಕ ಬಂದು ಕೂಡ್ತಿದ್ದೆ ಅಂದ್ಕೊಂಡಿ? ನೀ ಒದರವಾ," ಎಂದರು.

ನಾನು ಎದೆಯ ಹಾಳೆಯನ್ನು ಬಿಚ್ಚಿ ಮಡಚಿಟ್ಟುಕೊಂಡೆ. ಪಿನ್ನು ಬೆರಳಿಗೆ ಚುಚ್ಚಿತು. ಚುಚ್ಚಲಿ ಎಂದು ಬಿಟ್ಟೆ.

ಆದರೆ ಬಸ್ ಪಾಸು ಇನ್ನೂ ಕಪಾಟಿನಲ್ಲೇ ಇತ್ತು. ಹೆದರಿಕೆಯನ್ನು ಒಳಗೆ ಬಿಡುವುದು ಸುಲಭ, ಹೊರಗೆ ಕಳಿಸುವುದು ಕಷ್ಟ. ಪ್ರಕಾಶ ಅಣ್ಣ ಒಂದು ಷರತ್ತು ಹಾಕಿದರು: ಈ ಗುರುವಾರ ಯಾರಾದರೂ ಜವಾಬ್ದಾರಿಯ ಮನುಷ್ಯರು ಅವ್ವನ ಜೊತೆ ಹೋಗಿಬರಲಿ, ಎಲ್ಲ ಸುರಳೀತ ನಡೆದರೆ ಮುಂದೆ ನೋಡೋಣ. ನಾನು ತಕ್ಷಣ ಕೈಯೆತ್ತಿದೆ. ಪ್ರಾಯಶ್ಚಿತ್ತಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ? ಮೇಘಾ "ಜವಾಬ್ದಾರಿಯ ಮನುಷ್ಯರು ಅಂದ್ರು," ಎಂದು ಮೆಲ್ಲಗೆ ನೆನಪಿಸಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಜುಲೈ ಹದಿನೇಳು, ಗುರುವಾರ. ಬೆಳಿಗ್ಗೆ ಹತ್ತಕ್ಕೆ ಹೊರಟೆವು. ಮೊದಲನೆಯ ಬಸ್ಸು ಸಾಂಗವಾಗಿ ಮುಗಿಯಿತು. ಎರಡನೆಯದು ಬಂದಾಗ ಅಜ್ಜಿ ಛತ್ರಿ ಮಡಚಿ ಚುರುಕಾಗಿ ಹತ್ತಿದರು. ನಾನು ದಾಖಲೆಗೆಂದು ಬಸ್ಸಿನ ನಂಬರು ಬರೆದುಕೊಂಡೆ. ಬರೆದು ತಲೆಯೆತ್ತುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಹಿಂದಿನ ಕಿಟಕಿಯಲ್ಲಿ ಅಜ್ಜಿ ಒಂದು ಕೈಯಿಂದ "ಅಲ್ಲೇ ನಿಲ್ಲು" ಎಂದು ಸನ್ನೆ ಮಾಡುತ್ತಿದ್ದುದು ಕಂಡಿತು.

ನಾನು ನಿಲ್ಲಲಿಲ್ಲ. ಮುಂದಿನ ಬಸ್ಸು ಹತ್ತಿ, ಎರಡು ಸ್ಟಾಪು ಮೊದಲೇ ಇಳಿದೆ. ದಾರಿ ತಪ್ಪಬಾರದೆಂದು ಪ್ರತಿ ತಿರುವಿನ ಫೋಟೋ ತೆಗೆದೆ. ಇಪ್ಪತ್ತಾರನೆಯ ಫೋಟೋಕ್ಕೆ ಫೋನಿನ ಬ್ಯಾಟರಿ ಸತ್ತಿತು. ಕ್ಯಾಂಪಿನ ಮಾರ್ಕೆಟ್ಟಿನಲ್ಲಿ ಒಂದೇ ಬಟ್ಟೆ ಅಂಗಡಿಯ ಮುಂದೆ ನಾಲ್ಕು ಸಲ ಹಾದುಹೋದೆ. ಐದನೆಯ ಸಲ ಅಂಗಡಿಯವನು ನನಗೆ ಕುರ್ಚಿ ಹಾಕಿ ನೀರು ಕೊಟ್ಟ. ಕೂತೆ. ಎಪ್ಪತ್ತೆಂಟು ವರ್ಷದ ಹೆಂಗಸನ್ನು ಜೋಪಾನ ಮಾಡಲು ಬಂದವನು ಅವರನ್ನು ಕಳೆದುಕೊಂಡಿದ್ದೆ. ಪ್ರಕಾಶ ಅಣ್ಣನಿಗೆ ಏನು ಹೇಳುವುದು? ಇನ್ನೊಂದು ಗುರುವಾರ ಆ ಅಜ್ಜಿಗೆ ಸಿಗುತ್ತದೆಯೇ?

ಆಗ ಮಾರ್ಕೆಟ್ಟಿನ ಗದ್ದಲದ ಮೇಲೆ ಒಂದು ದನಿ ತೇಲಿ ಬಂತು. "ಏ ವೆಂಕಟೇಶ! ಇಕಡೆ ಯೇ ರೇ ಬಾಳಾ!"

ಹೂವಿನ ಅಂಗಡಿಯ ಕಟ್ಟೆ ಹತ್ತಿ ನಿಂತು, ಈ ಕಡೆ ಬಾರೋ ಮಗಾ ಎಂದು ಕೂಗುತ್ತಿದ್ದವರು ದಪ್ಪನೆಯ ಒಬ್ಬ ಮರಾಠಿ ಹೆಂಗಸು, ಶೋಭಾತಾಯಿ. ಅವರ ಪಕ್ಕದಲ್ಲಿ ಪದ್ಮಜ್ಜಿ, ತಲೆಯ ಮೇಲೆ ಸೆರಗೆಳೆದುಕೊಂಡು, ನಾಚಿಕೊಂಡು, ಬಹಳ ಸಂತೋಷದಿಂದ ನಿಂತಿದ್ದರು. ಕಳೆದುಹೋದವನನ್ನು ಹುಡುಕಲು ಹೆಸರು ಕೂಗಬೇಕು; ತಾವು ಕೂಗುವಂತಿಲ್ಲ; ಅದಕ್ಕೆ ಯಜಮಾನರ ಹೆಸರು ಬಲ್ಲ ಗೆಳತಿಯನ್ನು ನಿಲ್ಲಿಸಿದ್ದರು. ಇನ್ನೂ ಇಬ್ಬರು ವೆಂಕಟೇಶರು ಆಗಲೇ ಬಂದು ಹೋಗಿದ್ದರಂತೆ.

ಬನ್ನು, ಚಹಾ ಆಯಿತು. ಗೆಳತಿಯರು ಎರಡು ತಾಸು ಮರಾಠಿಯಲ್ಲೂ ಕನ್ನಡದಲ್ಲೂ ನಕ್ಕರು. ಮರಳುವಾಗ ಅಜ್ಜಿ ನನ್ನನ್ನು ಮೊದಲು ಬಸ್ಸಿಗೆ ಹತ್ತಿಸಿ, ಆಮೇಲೆ ತಾವು ಹತ್ತಿದರು. ರಸ್ತೆ ದಾಟುವಾಗ ನನ್ನ ಮುಂಗೈ ಹಿಡಿದುಕೊಂಡಿದ್ದರು.

ಆರಕ್ಕೆ ಸರಿಯಾಗಿ ಐದನೇ ಮಹಡಿ. ಪ್ರಕಾಶ ಅಣ್ಣ ಬಾಗಿಲಲ್ಲೇ ಇದ್ದರು.

"ಎಲ್ಲಾ ಸುರಳೀತ ಆತೇನು ಅವ್ವಾ?"

"ನಂದು ಆತು. ಇವಂದು ಇವನ್ನ ಕೇಳು." ಅಜ್ಜಿ ಛತ್ರಿ ಮೂಲೆಗಿಟ್ಟು, ಮಗನ ಮುಂದೆ ಅಂಗೈ ಚಾಚಿದರು. "ಪಾಸ್ ಕೊಡು. ಮುಂದಿನ ಗುರುವಾರದಿಂದ ನಾ ಒಬ್ಬಾಕಿನ ಹೋಗ್ತೀನಿ. ಇಂಥಾವನ್ನ ಕಟಗೊಂಡು ತಿರಗೋ ವಯಸ್ಸಲ್ಲ ನಂದು."

ಪ್ರಕಾಶ ಅಣ್ಣ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ನನ್ನ ಮುಖದಲ್ಲಿ ಅವರಿಗೆ ಬೇಕಾದ ಪುರಾವೆಯೆಲ್ಲ ಇತ್ತೆಂದು ಕಾಣುತ್ತದೆ. ಒಳಗೆ ಹೋದರು, ಕಪಾಟು ತೆರೆದರು, ಪಾಸು ತಂದು ಅವ್ವನ ಕೈಯಲ್ಲಿಟ್ಟರು. ಅಜ್ಜಿ ಅದನ್ನು ಚೀಲಕ್ಕೆ ಹಾಕಿ, ಚೀಲಕ್ಕೆ ಹೊಲಿದಿದ್ದ ವಿಳಾಸದ ಚೀಟಿಯನ್ನು ಹಲ್ಲಿನಿಂದ ದಾರ ಕಚ್ಚಿ ಬಿಚ್ಚಿ, ಯಾವ ಮಾತೂ ಇಲ್ಲದೆ ನನ್ನ ಅಂಗಿಯ ಕಿಸೆಗೆ ತುರುಕಿದರು.

ನಾನು ನಮಸ್ಕಾರ ಹೇಳಿ ಹೊರಟೆ. ಲಿಫ್ಟಿನ ಬಳಿ ಪ್ರಕಾಶ ಅಣ್ಣನ ದನಿ ಕೇಳಿಸಿತು. ಬಹಳ ಮರ್ಯಾದೆಯ, ಬಹಳ ಕಾಳಜಿಯ ದನಿ.

"ಸೆಕ್ರೆಟರಿ, ನಿಮ್ಮ ಮನಿಗೆ ಹೋಗ್ತೀರಲ್ರಿ? ಬಿಟ್ಟು ಬರಲೇನು?"

ನಮ್ಮ ಮನೆ ಎರಡು ಮಹಡಿ ಕೆಳಗೆ.

ಬಂದು ಬಿಟ್ಟುಹೋದರು.